ಪಾಚಿಗೆ ಔಷಧವೆಷ್ಟು ವಿಷ: ಒಂದು ಲೆಕ್ಕಾಚಾರದ ಚರಿತ್ರೆ

ಕೆರೆ, ಹೊಳೆ, ಸಮುದ್ರಗಳಲ್ಲಿ ಬದುಕುವ ಜೀವಿಗಳ ಊಟದ ಮೂಲ ಬರಿಗಣ್ಣಿಗೆ ಕಾಣದ ಒಂಟಿ ಕೋಶದ ಪಾಚಿ. ಭೂಮಿಯ ಮೇಲೆ ನಡೆಯುವ ದ್ಯುತಿಸಂಶ್ಲೇಷಣೆಯಲ್ಲಿ ಸುಮಾರು ಅರ್ಧ ಪಾಲು ಸಮುದ್ರದ ಇಂಥ ಸೂಕ್ಷ್ಮಜೀವಿಗಳದ್ದು. ಮನುಷ್ಯರು ನುಂಗಿದ, ದನ-ಕೋಳಿಗಳಿಗೆ ತಿನ್ನಿಸಿದ ಔಷಧದ ಒಂದು ಪಾಲು ಮೈಯಲ್ಲಿ ಬದಲಾಗದೆ ಹೊರಬಿದ್ದು, ಒಳಚರಂಡಿ ಹಾದು, ಈ ಪಾಚಿ ಬೆಳೆಯುವ ನೀರಿಗೇ ಬಂದು ಸೇರುತ್ತದೆ. ಬಳಕೆಯಲ್ಲಿರುವ ಔಷಧಗಳು ಸಾವಿರಾರು. ಒಂದೊಂದನ್ನೂ ಪ್ರಯೋಗಾಲಯದಲ್ಲಿ ಪಾಚಿಯ ಮೇಲೆ ಪರೀಕ್ಷಿಸಲು ಹಣವೂ ಸಾಲದು, ಸಮಯವೂ ಸಾಲದು. ಆದ್ದರಿಂದ ಅಣುವಿನ ರಚನೆಯನ್ನು ನೋಡಿಯೇ ಅದು ಪಾಚಿಗೆ ಎಷ್ಟು ವಿಷವಾದೀತೆಂದು ಮೊದಲೇ ಲೆಕ್ಕಹಾಕುವ ವಿದ್ಯೆಯೊಂದು ಬೆಳೆಯಿತು. ಈ ವಿದ್ಯೆ ಶುರುವಾದದ್ದು ಅಣುವಿನ ಕಡೆಯಿಂದ. ಪಾಚಿಯ ಕೋಶದೊಳಗೆ ಏನಿದೆ ಎಂಬುದನ್ನು ಅದು ಬಹಳ ತಡವಾಗಿ ನೋಡಿತು. ಅದರ ಚರಿತ್ರೆಯಲ್ಲಿ ಕಾಣುವ ಎಡವಟ್ಟುಗಳಲ್ಲಿ ಹೆಚ್ಚಿನವು ಆ ತಡದಿಂದಲೇ ಬಂದವು.

ಅಣುವಿನ ರಚನೆಗೂ ಅದು ಜೀವಿಯ ಮೇಲೆ ಮಾಡುವ ಪರಿಣಾಮಕ್ಕೂ ಗಣಿತದ ಸಂಬಂಧವಿರಬೇಕೆಂದು ಮೊದಲು ಸ್ಪಷ್ಟವಾಗಿ ಹೇಳಿದವರು ಎಡಿನ್‌ಬರೋದ ರಸಾಯನಶಾಸ್ತ್ರಜ್ಞ ಅಲೆಕ್ಸಾಂಡರ್ ಕ್ರಮ್ ಬ್ರೌನ್ ಮತ್ತು ವೈದ್ಯ ಥಾಮಸ್ ಫ್ರೇಸರ್. 1868ರಲ್ಲಿ ಅವರು ಸ್ಟ್ರಿಕ್ನೀನ್‌ನಂಥ ಸಸ್ಯವಿಷಗಳ ರಚನೆಯನ್ನು ತುಸು ಬದಲಿಸಿ ನೋಡಿದರು. ಸ್ನಾಯುಗಳನ್ನು ಸೆಟೆಸುತ್ತಿದ್ದ ವಿಷ, ಬದಲಾದ ಮೇಲೆ ಸ್ನಾಯುಗಳನ್ನು ನಿಶ್ಚಲಗೊಳಿಸುವ ವಿಷವಾಯಿತು. ಸಂಬಂಧ ಇದೆ ಎಂದು ಅವರಿಗೆ ಗೊತ್ತಾಯಿತು. ಅದನ್ನು ಅಂಕಿಯಲ್ಲಿ ಹೇಳುವ ದಾರಿ ಆಗ ಇರಲಿಲ್ಲ.

ಆ ದಾರಿ ಸಿಕ್ಕಿದ್ದು ಅರಿವಳಿಕೆಯ ಅಧ್ಯಯನದಲ್ಲಿ. 1899ರಲ್ಲಿ ಜರ್ಮನಿಯ ಮಾರ್‌ಬುರ್ಗ್‌ನ ಔಷಧಶಾಸ್ತ್ರಜ್ಞ ಹಾನ್ಸ್ ಹೋರ್ಸ್ಟ್ ಮೇಯರ್, ಸ್ವತಂತ್ರವಾಗಿ ಅದೇ ಕಾಲದಲ್ಲಿ ಜ್ಯೂರಿಕ್‌ನ ಚಾರ್ಲ್ಸ್ ಅರ್ನೆಸ್ಟ್ ಓವರ್ಟನ್, ಒಂದೇ ನಿರ್ಣಯಕ್ಕೆ ಬಂದರು. ಒಂದು ವಸ್ತುವನ್ನು ಆಲಿವ್ ಎಣ್ಣೆ ಮತ್ತು ನೀರು ಎರಡರ ಜೊತೆಯಲ್ಲೂ ಕಲಕಿದಾಗ ಅದು ಎಣ್ಣೆಯ ಕಡೆಗೆ ಎಷ್ಟು ಹೆಚ್ಚು ಹೋಗುತ್ತದೋ, ಗೊದಮೊಟ್ಟೆಯ ಅರಿವು ತಪ್ಪಿಸಲು ಅಷ್ಟು ಕಡಿಮೆ ಪ್ರಮಾಣ ಸಾಕು. ಓವರ್ಟನ್ ಮೂಲತಃ ಸಸ್ಯಶಾಸ್ತ್ರಜ್ಞ. ಸಸ್ಯಕೋಶದೊಳಗೆ ಯಾವ ವಸ್ತು ಬೇಗ ನುಗ್ಗುತ್ತದೆ, ಯಾವುದು ನುಗ್ಗುವುದಿಲ್ಲ ಎಂಬುದನ್ನು ವರ್ಷಗಟ್ಟಲೆ ಪರೀಕ್ಷಿಸುತ್ತಲೇ, ಕೋಶದ ಪೊರೆ ಕೊಬ್ಬಿನಂಥ ವಸ್ತುವಿನದ್ದಾಗಿರಬೇಕೆಂದು ಅವರು ಊಹಿಸಿದ್ದರು. 1901ರಲ್ಲಿ ಪ್ರಕಟವಾದ ಅವರ ಅರಿವಳಿಕೆಯ ಗ್ರಂಥದಲ್ಲಿ ಆ ಊಹೆ ಗೊದಮೊಟ್ಟೆಯ ಲೆಕ್ಕದೊಂದಿಗೆ ಸೇರಿಕೊಂಡಿತು. ಎಣ್ಣೆಗೆ ಒಲಿಯುವ ಅಣು ಪೊರೆಯಲ್ಲಿ ತುಂಬಿಕೊಂಡು ಕೋಶದ ಕೆಲಸವನ್ನು ಕೆಡಿಸುತ್ತದೆ ಎಂಬ ಈ ವಿವರಣೆಗೆ ನಿರ್ದಿಷ್ಟ ಗುರಿಯ ಅಗತ್ಯವಿಲ್ಲ. ಪೊರೆಯಿರುವ ಜೀವಿ ಯಾವುದಾದರೂ ಸರಿ, ಮೀನಾದರೂ ಪಾಚಿಯಾದರೂ ಲೆಕ್ಕ ಒಂದೇ. ಅದರ ಬಲವೂ ಅಲ್ಲೇ ಇತ್ತು, ಮಿತಿಯೂ ಅಲ್ಲೇ ಇತ್ತು.

ಮುಂದಿನ ದೊಡ್ಡ ಹೆಜ್ಜೆ ಬಂದದ್ದು ಅರವತ್ತು ವರ್ಷಗಳ ನಂತರ, ಕ್ಯಾಲಿಫೋರ್ನಿಯಾದ ಪೊಮೋನಾ ಕಾಲೇಜಿನಿಂದ. ಕಾರ್ವಿನ್ ಹ್ಯಾನ್ಷ್ ಎಂಬ ಅಲ್ಲಿನ ರಸಾಯನಶಾಸ್ತ್ರಜ್ಞರು ಸಸ್ಯಶಾಸ್ತ್ರಜ್ಞ ರಾಬರ್ಟ್ ಮ್ಯೂರ್ ಜೊತೆಗೂಡಿ, ಗಿಡದ ಬೆಳವಣಿಗೆಯನ್ನು ಪ್ರಚೋದಿಸುವ ಫಿನಾಕ್ಸಿಅಸೆಟಿಕ್ ಆಮ್ಲಗಳನ್ನು ಅಧ್ಯಯನ ಮಾಡುತ್ತಿದ್ದರು. ಅಣುವಿನ ಒಂದು ಮೂಲೆಯಲ್ಲಿ ಕ್ಲೋರಿನ್ ಸೇರಿಸಿದರೆ ಪರಿಣಾಮ ಏರುತ್ತದೆ, ಇನ್ನೊಂದು ಮೂಲೆಯಲ್ಲಿ ಸೇರಿಸಿದರೆ ಇಳಿಯುತ್ತದೆ, ಇದಕ್ಕೆ ಕಾರಣವೇನು? ಎಲೆಕ್ಟ್ರಾನುಗಳ ಎಳೆತವನ್ನು ಅಳೆಯುವ ಹ್ಯಾಮೆಟ್ ಸ್ಥಿರಾಂಕವೊಂದನ್ನೇ ಬಳಸಿದಾಗ ಉತ್ತರ ಸಿಗಲಿಲ್ಲ. ಅದರ ಜೊತೆಗೆ ಎಣ್ಣೆ-ನೀರಿನ ಹಂಚಿಕೆಯ ಅನುಪಾತವನ್ನೂ ಸೇರಿಸಿದಾಗ ಅಂಕಿಗಳು ಸಾಲಿಗೆ ಬಂದವು. 1962ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಆ ಲೇಖನ, 1964ರಲ್ಲಿ ಜಪಾನಿನ ತೊಶಿಯೊ ಫುಜಿತಾ ಅವರೊಂದಿಗೆ ಹ್ಯಾನ್ಷ್ ಬರೆದ ಇನ್ನೊಂದು ಲೇಖನ, ಇವೆರಡೂ ಇಂದು ಕ್ಯೂಸಾರ್ ಎಂದು ಕರೆಯಲಾಗುವ ವಿಧಾನಕ್ಕೆ ಬುನಾದಿ ಹಾಕಿದವು. ಆಲಿವ್ ಎಣ್ಣೆಯ ಜಾಗಕ್ಕೆ ಆಕ್ಟನಾಲ್ ಎಂಬ ಆಲ್ಕೋಹಾಲ್ ಬಂತು. ಆಕ್ಟನಾಲ್ ಮತ್ತು ನೀರಿನ ನಡುವಿನ ಹಂಚಿಕೆಯ ಲಾಗರಿತಮ್, ಅಂದರೆ ಲಾಗ್ ಪಿ, ಔಷಧ ಕಂಪನಿಗಳಿಂದ ಹಿಡಿದು ಪರಿಸರ ಇಲಾಖೆಗಳವರೆಗೆ ಎಲ್ಲರೂ ಬಳಸುವ ಅಂಕಿಯಾಯಿತು. ಔಷಧ ವಿನ್ಯಾಸದ ಈ ಮುಖ್ಯ ಸಾಧನ ಹುಟ್ಟಿದ್ದು ಗಿಡದ ಬೆಳವಣಿಗೆಯ ಪ್ರಯೋಗದಲ್ಲಿ ಎಂಬುದು ನೆನಪಿಡಬೇಕಾದ ಸಂಗತಿ.

ಲೆಕ್ಕಕ್ಕೆ ಸಮೀಕರಣವಿದ್ದರೆ ಸಾಲದು, ನಂಬಬಹುದಾದ ಅಳತೆಗಳೂ ಬೇಕು. ಪಾಚಿಯ ಮಟ್ಟಿಗೆ ಆ ಅಳತೆಗಳು ಬಂದದ್ದು ಔಷಧದ ಚಿಂತೆಯಿಂದಲ್ಲ, ಸಾಬೂನಿನ ಪುಡಿಯ ಚಿಂತೆಯಿಂದ. ಡಚ್ ವಿಜ್ಞಾನಿ ಮಾರ್ಟಿನಸ್ ಬೈಯರಿಂಕ್ 1890ರಲ್ಲೇ ಕ್ಲೋರೆಲ್ಲಾ ಪಾಚಿಯನ್ನು ಬೇರೆ ಜೀವಿಗಳಿಂದ ಬಿಡಿಸಿ ಶುದ್ಧವಾಗಿ ಬೆಳೆಸಿ ತೋರಿಸಿದ್ದರು. 1959ರಲ್ಲಿ ನಾರ್ವೆಯ ಓಲಾವ್ ಸ್ಕುಲ್‌ಬರ್ಗ್ ನಿಟೆಲ್ವಾ ಎಂಬ ನದಿಯಿಂದ ಎಳೆಚಂದ್ರನ ಆಕಾರದ ಹಸಿರು ಪಾಚಿಯೊಂದನ್ನು ಪ್ರತ್ಯೇಕಿಸಿದರು. ಸೆಲೆನಾಸ್ಟ್ರಮ್ ಕ್ಯಾಪ್ರಿಕಾರ್ನ್ಯುಟಮ್ ಎಂದು ಆಗ ಹೆಸರಾಗಿದ್ದ ಅದು ಮುಂದೆ ಸೂಡೋಕಿರ್ಕ್ನೆರಿಯೆಲ್ಲಾ ಎಂದೂ, ಈಗ ರಾಫಿಡೊಸೆಲಿಸ್ ಸಬ್‌ಕ್ಯಾಪಿಟಾಟಾ ಎಂದೂ ಹೆಸರು ಬದಲಿಸಿದೆ. ಬೇಗ ಬೆಳೆಯುತ್ತದೆ, ಗುಂಪುಗಟ್ಟುವುದಿಲ್ಲ, ಎಣಿಸಲು ಸುಲಭ. ಅರವತ್ತರ ದಶಕದಲ್ಲಿ ಡಿಟರ್ಜೆಂಟಿನ ಫಾಸ್ಫೇಟ್ ಅಮೆರಿಕ ಮತ್ತು ಯುರೋಪಿನ ಸರೋವರಗಳನ್ನು ಹಸಿರುಗಟ್ಟಿಸುತ್ತಿದ್ದಾಗ, ಯಾವ ನೀರಿನಲ್ಲಿ ಪಾಚಿ ಎಷ್ಟು ಬೆಳೆದೀತೆಂದು ಅಳೆಯಲು ಈ ತಳಿಯೇ ಒದಗಿತು. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 1971ರಲ್ಲಿ ಅದಕ್ಕೊಂದು ನಿಗದಿತ ವಿಧಾನವನ್ನೇ ಪ್ರಕಟಿಸಿತು. ಬೆಳವಣಿಗೆಯನ್ನು ಅಳೆಯುವ ವಿಧಾನವನ್ನು ತಿರುಗಿಸಿದರೆ ಬೆಳವಣಿಗೆ ಕುಂಠಿತವಾಗುವುದನ್ನೂ ಅಳೆಯಬಹುದು. 1984ರಲ್ಲಿ ಮುಂದುವರಿದ ದೇಶಗಳ ಒಇಸಿಡಿ ಒಕ್ಕೂಟ ಒಪ್ಪಿದ 201ನೆಯ ಮಾರ್ಗಸೂಚಿ ಅದನ್ನೇ ಮಾಡಿತು.

ಈ ಪರೀಕ್ಷೆಯ ಕ್ರಮ ಸರಳ. ಒಂದು ಮಿಲಿಲೀಟರಿಗೆ ಸುಮಾರು ಹತ್ತು ಸಾವಿರ ಕೋಶಗಳಿರುವಂತೆ ಪೋಷಕ ದ್ರಾವಣಕ್ಕೆ ಪಾಚಿ ಬಿಡುತ್ತಾರೆ. ಬೇರೆ ಬೇರೆ ಫ್ಲಾಸ್ಕುಗಳಿಗೆ ಔಷಧವನ್ನು ಬೇರೆ ಬೇರೆ ಪ್ರಮಾಣದಲ್ಲಿ ಬೆರೆಸಿ, ಎಡೆಬಿಡದ ಬೆಳಕಿನಲ್ಲಿ 72 ಗಂಟೆ ಇಡುತ್ತಾರೆ. ಔಷಧವಿಲ್ಲದ ಫ್ಲಾಸ್ಕಿನಲ್ಲಿ ಪಾಚಿ ಕನಿಷ್ಠ 16 ಪಟ್ಟು ಹೆಚ್ಚಿರಬೇಕು. ಇಲ್ಲದಿದ್ದರೆ ಪರೀಕ್ಷೆ ಲೆಕ್ಕಕ್ಕಿಲ್ಲ. ಬೆಳವಣಿಗೆಯ ವೇಗವನ್ನು ಅರ್ಧಕ್ಕಿಳಿಸುವ ಪ್ರಮಾಣವನ್ನು ಇಸಿ50 ಎನ್ನುತ್ತಾರೆ. ಈ ಅಂಕಿ ಸಣ್ಣದಾದಷ್ಟೂ ವಿಷ ಹೆಚ್ಚು. ಮುನ್ನೆಣಿಕೆಯ ಮಾದರಿಗಳೆಲ್ಲ ಹಿಡಿಯಲು ಯತ್ನಿಸುವುದು ಈ ಒಂದು ಅಂಕಿಯನ್ನು.

ಲೆಕ್ಕಾಚಾರವನ್ನು ಅನಿವಾರ್ಯ ಮಾಡಿದ್ದು ಕಾನೂನು. 1976ರ ಅಮೆರಿಕದ ವಿಷವಸ್ತು ನಿಯಂತ್ರಣ ಕಾಯ್ದೆಯ ಪ್ರಕಾರ ಹೊಸ ರಾಸಾಯನಿಕ ತಯಾರಿಸುವವರು ಮೊದಲೇ ಸೂಚನೆ ಕೊಡಬೇಕಿತ್ತು. ಆದರೆ ವಿಷದ ಪರೀಕ್ಷೆ ಮಾಡಿಯೇ ಬರಬೇಕೆಂಬ ನಿಬಂಧನೆ ಇರಲಿಲ್ಲ. ಬಂದ ಅರ್ಜಿಗಳಲ್ಲಿ ಬಹುಪಾಲಿಗೆ ಜಲಜೀವಿಗಳ ಮಾಹಿತಿಯೇ ಇರುತ್ತಿರಲಿಲ್ಲ, ತೀರ್ಮಾನಕ್ಕೆ ಇದ್ದ ಗಡುವು 90 ದಿನ. ಹೀಗೆ ಇಕ್ಕಟ್ಟಿಗೆ ಸಿಕ್ಕ ಅಧಿಕಾರಿಗಳು ಲಾಗ್ ಪಿ ಕಡೆಗೆ ತಿರುಗಿದರು. 1981ರಲ್ಲಿ ನೆದರ್‌ಲೆಂಡ್ಸ್‌ನ ಕೊನೆಮನ್ 50 ಕೈಗಾರಿಕಾ ರಾಸಾಯನಿಕಗಳನ್ನು ಗಪ್ಪಿ ಮೀನುಗಳ ಮೇಲೆ ಪರೀಕ್ಷಿಸಿ, ಲಾಗ್ ಪಿಯೊಂದರಿಂದಲೇ ವಿಷದ ಮಟ್ಟವನ್ನು ಚೆನ್ನಾಗಿ ಅಂದಾಜಿಸಬಹುದೆಂದು ತೋರಿಸಿದ್ದರು. ಅಮೆರಿಕದ ಸಂಸ್ಥೆ ಇಂಥ ಸಮೀಕರಣಗಳನ್ನು ರಾಸಾಯನಿಕ ವರ್ಗಗಳಿಗನುಸಾರವಾಗಿ ಕಲೆಹಾಕಿ ‘ಇಕೋಸಾರ್’ ಎಂಬ ಕಂಪ್ಯೂಟರ್ ಪ್ರೋಗ್ರಾಂ ಕಟ್ಟಿತು. ಅಣುವಿನ ರಚನೆ ಕೊಟ್ಟರೆ ಮೀನು, ಡಾಫ್ನಿಯಾ ಎಂಬ ನೀರಿನ ಚಿಗಟ, ಹಸಿರು ಪಾಚಿ ಮೂರಕ್ಕೂ ವಿಷದ ಅಂದಾಜು ಬರುತ್ತದೆ. ಕೆಲವು ವರ್ಗಗಳ ಸಮೀಕರಣ ಹತ್ತಾರು ಅಳತೆಗಳ ಮೇಲೆ ನಿಂತಿದ್ದರೆ, ಕೆಲವು ಒಂದೆರಡು ಅಳತೆಗಳ ಮೇಲೆ ನಿಂತಿದ್ದವು. ಉಚಿತವಾಗಿ ಸಿಗುತ್ತಿದ್ದುದರಿಂದ ಅದು ಜಗತ್ತಿನಾದ್ಯಂತ ಹರಡಿತು.

ಇಷ್ಟರವರೆಗೆ ಔಷಧ ಈ ಚಿತ್ರದಲ್ಲಿ ಇರಲಿಲ್ಲ. ಸಾಲ್ವೆಂಟು, ಬಣ್ಣ, ಕೀಟನಾಶಕಗಳ ಲೆಕ್ಕವೇ ನಡೆಯುತ್ತಿತ್ತು. 1976-77ರಲ್ಲಿ ಕಾನ್ಸಾಸ್ ನಗರದ ಶುದ್ಧೀಕರಿಸಿದ ಕೊಳಚೆ ನೀರಿನಲ್ಲಿ ಕ್ಲೋಫೈಬ್ರಿಕ್ ಆಮ್ಲ ಸಿಕ್ಕಿತು. ರಕ್ತದ ಕೊಬ್ಬಿಳಿಸುವ ಕ್ಲೋಫೈಬ್ರೇಟ್ ಮಾತ್ರೆ ದೇಹದಲ್ಲಿ ಬದಲಾಗಿ ಉಂಟಾಗುವ ವಸ್ತು ಅದು. ಸುದ್ದಿ ಹೆಚ್ಚು ದೂರ ಹೋಗಲಿಲ್ಲ. ತೊಂಬತ್ತರ ದಶಕದ ಆರಂಭದಲ್ಲಿ ಬರ್ಲಿನ್‌ನಲ್ಲಿ ಅಂತರ್ಜಲದಲ್ಲಿ ಕಳೆನಾಶಕ ಹುಡುಕುತ್ತಿದ್ದವರಿಗೆ ಅದೇ ಆಮ್ಲ ಮತ್ತೆ ಎದುರಾಯಿತು. ಅದು ಕಳೆನಾಶಕದ ಹುಡುಕಾಟದಲ್ಲಿ ಸಿಕ್ಕಿಬಿದ್ದದ್ದಕ್ಕೆ ಕಾರಣವಿದೆ: ಕ್ಲೋಫೈಬ್ರಿಕ್ ಆಮ್ಲವೂ ಹ್ಯಾನ್ಷ್ 1962ರಲ್ಲಿ ಅಧ್ಯಯನ ಮಾಡಿದ ಅಣುಗಳೂ ಒಂದೇ ಫಿನಾಕ್ಸಿ ಕುಟುಂಬಕ್ಕೆ ಸೇರಿದವು. 1998ರಲ್ಲಿ ಜರ್ಮನಿಯ ಥಾಮಸ್ ಟೆರ್ನೆಸ್ ಕೊಳಚೆ ನೀರು ಮತ್ತು ನದಿಗಳಲ್ಲಿ ಹಲವಾರು ಔಷಧಗಳನ್ನು ಅಳೆದು ವರದಿ ಮಾಡಿದರು. ಅಮೆರಿಕದ ಭೂವಿಜ್ಞಾನ ಸಮೀಕ್ಷೆ 2002ರಲ್ಲಿ ಪ್ರಕಟಿಸಿದ ತಪಾಸಣೆಯಲ್ಲಿ 139 ಹೊಳೆಗಳ ಪೈಕಿ ಶೇ. 80ರಷ್ಟರಲ್ಲಿ ಔಷಧ, ಹಾರ್ಮೋನು ಅಥವಾ ಇತರ ಕೊಳಚೆ ಮೂಲದ ರಾಸಾಯನಿಕಗಳು ಕಂಡವು. ಔಷಧಗಳು ನೀರಿನಲ್ಲಿವೆ ಎಂಬುದರಲ್ಲಿ ಸಂಶಯ ಉಳಿಯಲಿಲ್ಲ. ಅವು ಅಲ್ಲಿ ಏನು ಮಾಡುತ್ತವೆ ಎಂಬುದೇ ಪ್ರಶ್ನೆಯಾಯಿತು.

ಆ ಪ್ರಶ್ನೆಗೆ ಕೈಯಲ್ಲಿದ್ದ ಸಾಧನ ಇಕೋಸಾರ್. 2004ರಲ್ಲಿ ಸ್ಯಾಂಡರ್‌ಸನ್ ಮತ್ತು ಸಹೋದ್ಯೋಗಿಗಳು 2986 ಔಷಧಗಳನ್ನು ಅದರ ಮೂಲಕ ಹಾಯಿಸಿದರು. ವಿಷಕ್ಕೆ ಅತಿ ಬೇಗ ಈಡಾಗುವ ಜೀವಿ ಡಾಫ್ನಿಯಾ, ನಂತರ ಮೀನು, ಕೊನೆಯಲ್ಲಿ ಪಾಚಿ ಎಂದು ಲೆಕ್ಕ ಹೇಳಿತು. ಅಂದರೆ ಔಷಧಗಳಿಂದ ಕನಿಷ್ಠ ತೊಂದರೆ ಪಾಚಿಗೆ. ಸಾಮಾನ್ಯ ನೋವಿನ ಮಾತ್ರೆ, ರಕ್ತದೊತ್ತಡದ ಮಾತ್ರೆಗಳ ಮಟ್ಟಿಗೆ ಇದು ತಪ್ಪಲ್ಲ. ಮನುಷ್ಯನ ಔಷಧದ ಗುರಿಗಳು, ಅಂದರೆ ಆ ಔಷಧ ಹೋಗಿ ಅಂಟಿಕೊಳ್ಳುವ ಪ್ರೋಟೀನುಗಳು, ಪಾಚಿಯಲ್ಲಿ ಬಹಳಷ್ಟು ಇಲ್ಲವೇ ಇಲ್ಲ. 2008ರಲ್ಲಿ ಸ್ವೀಡನ್ನಿನ ಗುನಾರ್ಸನ್ ತಂಡ ಮನುಷ್ಯನ 1318 ಔಷಧ ಗುರಿಗಳನ್ನು ಬೇರೆ ಜೀವಿಗಳ ವಂಶವಾಹಿಗಳ ಜೊತೆ ಹೋಲಿಸಿದಾಗ, ಅವುಗಳ ಸಮರೂಪ ಜೀಬ್ರಾ ಮೀನಿನಲ್ಲಿ ಶೇ. 86, ಡಾಫ್ನಿಯಾದಲ್ಲಿ ಶೇ. 61, ಹಸಿರು ಪಾಚಿಯಲ್ಲಿ ಶೇ. 35 ಮಾತ್ರ ಸಿಕ್ಕಿತು. ಆದರೆ ಪ್ರತಿಜೈವಿಕಗಳ ವಿಷಯದಲ್ಲಿ ಈ ಸಮಾಧಾನ ನಿಲ್ಲುವುದಿಲ್ಲ. ಅವುಗಳ ಗುರಿ ಮನುಷ್ಯನದ್ದಲ್ಲ, ಬ್ಯಾಕ್ಟೀರಿಯಾದ್ದು.

ಈ ವಿಷಯಕ್ಕೆ ಬೇಕಾದ ಸುಳಿವು 1948ರಲ್ಲೇ ಸಿಕ್ಕಿತ್ತು. ಸ್ಟ್ರೆಪ್ಟೊಮೈಸಿನ್ ಕಂಡುಹಿಡಿದವರಲ್ಲೊಬ್ಬರಾದ ಆಲ್ಬರ್ಟ್ ಷಾಟ್ಜ್, ಲುಯಿಜಿ ಪ್ರೊವಾಸೊಲಿ ಮತ್ತು ಸೀಮೋರ್ ಹಟ್ನರ್ ಯೂಗ್ಲಿನಾ ಎಂಬ ಏಕಕೋಶ ಜೀವಿಗೆ ಆ ಔಷಧ ಕೊಟ್ಟು ನೋಡಿದರು. ಯೂಗ್ಲಿನಾ ಸಾಯಲಿಲ್ಲ, ಬಿಳುಚಿಕೊಂಡಿತು. ಅದರ ಹಸಿರು ಹೋಯಿತು, ಅದರ ಸಂತತಿಗೂ ಮತ್ತೆ ಹಸಿರು ಬರಲಿಲ್ಲ. ಕ್ಷಯರೋಗದ ಬ್ಯಾಕ್ಟೀರಿಯಾವನ್ನು ಕೊಲ್ಲುವ ಔಷಧ ಒಂದು ಹಸಿರು ಕೋಶದಲ್ಲಿ ದ್ಯುತಿಸಂಶ್ಲೇಷಣೆ ನಡೆಸುವ ಹರಿತ್ತುಕಾಯವನ್ನಷ್ಟೇ ಆರಿಸಿ ಹೊಡೆದದ್ದು ಏಕೆ? ಉತ್ತರ ಕಂತುಗಳಲ್ಲಿ ಬಂತು. 1962ರಲ್ಲಿ ಹಾನ್ಸ್ ರಿಸ್ ಮತ್ತು ವಾಲ್ಟರ್ ಪ್ಲಾಟ್ ಕ್ಲಾಮಿಡೊಮೊನಾಸ್ ಪಾಚಿಯ ಹರಿತ್ತುಕಾಯದಲ್ಲಿ ಅದರದೇ ಡಿಎನ್‌ಎ ಇರುವುದಕ್ಕೆ ಪುರಾವೆ ಕೊಟ್ಟರು. ರಷ್ಯಾದ ಮೆರೆಷ್ಕೋವ್‌ಸ್ಕಿ 1905ರಲ್ಲೇ ಮುಂದಿಟ್ಟಿದ್ದ ವಾದವನ್ನು 1967ರಲ್ಲಿ ಲಿನ್ ಮಾರ್ಗುಲಿಸ್ ಹೊಸ ಬಲದಿಂದ ಮತ್ತೆ ಮಂಡಿಸಿದರು: ಹರಿತ್ತುಕಾಯವೆಂದರೆ ಬಹುಕಾಲದ ಹಿಂದೆ ಇನ್ನೊಂದು ಕೋಶದೊಳಗೆ ಸೇರಿ ನೆಲೆನಿಂತ ನೀಲಿ-ಹಸಿರು ಬ್ಯಾಕ್ಟೀರಿಯಾ. ಆದ್ದರಿಂದಲೇ ಹರಿತ್ತುಕಾಯದಲ್ಲಿ ಪ್ರೋಟೀನು ತಯಾರಿಸುವ ರೈಬೋಸೋಮು ಬ್ಯಾಕ್ಟೀರಿಯಾದ ರೈಬೋಸೋಮಿನ ಮಾದರಿಯದು. ಟೆಟ್ರಾಸೈಕ್ಲಿನ್, ಎರಿತ್ರೊಮೈಸಿನ್ ಎಂಬ ಪ್ರತಿಜೈವಿಕಗಳು ಅದನ್ನು ಹಿಡಿಯಬಲ್ಲವು. ಡಿಎನ್‌ಎ ಸುರುಳಿ ಬಿಡಿಸುವ ಹರಿತ್ತುಕಾಯದ ಕಿಣ್ವವೂ ಅದೇ ಮೂಲದ್ದು. ಸಿಪ್ರೊಫ್ಲಾಕ್ಸಸಿನ್ ಎಂಬ ಪ್ರತಿಜೈವಿಕಕ್ಕೆ ಗುರಿ ಅದು. ಹಸಿರು ಪಾಚಿಯ ಕೋಶದೊಳಗೆ ಒಂದು ಹಳೆಯ ಬ್ಯಾಕ್ಟೀರಿಯಾ ಕುಳಿತಿದೆ, ನೀಲಿ-ಹಸಿರು ಪಾಚಿಯಂತೂ ಸ್ವತಃ ಬ್ಯಾಕ್ಟೀರಿಯಾವೇ. ಇದು ಗೊತ್ತಿದ್ದೂ ಪರಿಸರ ವಿಷಶಾಸ್ತ್ರ ಮೂವತ್ತು ವರ್ಷ ಆ ಜ್ಞಾನವನ್ನು ತನ್ನ ಸಮೀಕರಣಗಳಿಗೆ ತಂದುಕೊಳ್ಳಲಿಲ್ಲ. ಸಸ್ಯಶಾಸ್ತ್ರದ ಪತ್ರಿಕೆಗಳನ್ನು ಓದುವವರೂ ರಾಸಾಯನಿಕ ನಿಯಂತ್ರಣದ ಕಡತ ನೋಡುವವರೂ ಬೇರೆ ಬೇರೆ ಜನ. ಅದರ ಬೆಲೆ ತೆತ್ತದ್ದು ನೀರು.

ಲಾಗ್ ಪಿಯ ಲೆಕ್ಕಕ್ಕೂ ನಿಜವಾದ ವಿಷಕ್ಕೂ ಇರುವ ಅಂತರ ಎಷ್ಟೆಂದು ಡೆನ್ಮಾರ್ಕಿನ ಹಾಲಿಂಗ್-ಸೊರೆನ್‌ಸನ್ ತಂಡ 2000ರಲ್ಲಿ ಅಳೆದು ತೋರಿಸಿತು. ಸಿಪ್ರೊಫ್ಲಾಕ್ಸಸಿನ್ ಎಣ್ಣೆಗೆ ಹೆಚ್ಚು ಒಲಿಯದ ಅಣು. ಲಾಗ್ ಪಿ ಒಂದನ್ನೇ ನೋಡಿದರೆ ಅದು ಬಹುತೇಕ ನಿರಪಾಯಕಾರಿ. ಹಸಿರು ಪಾಚಿ ಸೆಲೆನಾಸ್ಟ್ರಮ್ ಮೇಲೆ ಅದರ ಇಸಿ50 ಲೀಟರಿಗೆ ಸುಮಾರು 3 ಮಿಲಿಗ್ರಾಂ ಬಂತು. ನೀಲಿ-ಹಸಿರು ಮೈಕ್ರೊಸಿಸ್ಟಿಸ್ ಮೇಲೆ 0.005 ಮಿಲಿಗ್ರಾಂ, ಅಂದರೆ ಸುಮಾರು 600 ಪಟ್ಟು ಕಡಿಮೆ ಪ್ರಮಾಣ ಸಾಕಾಯಿತು. ಅದೇ ಅಧ್ಯಯನದಲ್ಲಿ ಟ್ರೈಮೆಥೊಪ್ರಿಮ್ ಎಂಬ ಇನ್ನೊಂದು ಪ್ರತಿಜೈವಿಕ ಎರಡೂ ಪಾಚಿಗಳಿಗೆ ನೂರು ಮಿಲಿಗ್ರಾಮಿನ ಆಚೀಚೆ ಮಾತ್ರ ತಾಗಿತು. ಎರಡೂ ಪ್ರತಿಜೈವಿಕಗಳೇ, ಆದರೆ ಗುರಿಗಳು ಬೇರೆ. ಔಷಧದ ವರ್ಗದ ಹೆಸರು ನೋಡಿ ಊಹಿಸುವುದೂ ಸಾಲದು, ಅದು ಕೋಶದೊಳಗೆ ಏನನ್ನು ಹಿಡಿಯುತ್ತದೆ ಎಂದು ತಿಳಿಯಬೇಕು.

ಇನ್ನೊಂದು ತೊಡಕು ವಿದ್ಯುದಾವೇಶದ್ದು. ಕೈಗಾರಿಕಾ ಸಾಲ್ವೆಂಟುಗಳಂತಲ್ಲದೆ ಔಷಧಗಳಲ್ಲಿ ಬಹುಪಾಲು ದುರ್ಬಲ ಆಮ್ಲ ಅಥವಾ ಪ್ರತ್ಯಾಮ್ಲಗಳು. ನೀರಿನ ಪಿಎಚ್, ಅಂದರೆ ಆಮ್ಲೀಯತೆಯ ಅಳತೆ, ಬದಲಾದಂತೆ ಆವೇಶ ಪಡೆಯುತ್ತವೆ, ಕಳೆದುಕೊಳ್ಳುತ್ತವೆ. ಆವೇಶವಿರುವ ಅಣು ಪೊರೆ ದಾಟುವುದು ಕಷ್ಟ. ಪಾಚಿ ಬೆಳಕಿನಲ್ಲಿ ಇಂಗಾಲದ ಡೈಆಕ್ಸೈಡ್ ಎಳೆದುಕೊಂಡಂತೆ ಸುತ್ತಲಿನ ನೀರಿನ ಪಿಎಚ್ ತಾನೇ ಏರುತ್ತದೆ. ಪಾಚಿಗಟ್ಟಿದ ಕೆರೆಯಲ್ಲಿ ಮಧ್ಯಾಹ್ನ ಅದು 9 ದಾಟುವುದು ಅಪರೂಪವಲ್ಲ. ಖಿನ್ನತೆಗೆ ಕೊಡುವ ಫ್ಲೂಆಕ್ಸೆಟೀನ್‌ನಂಥ ಪ್ರತ್ಯಾಮ್ಲ ಔಷಧ ಆಗ ಹೆಚ್ಚು ಹೆಚ್ಚು ಆವೇಶರಹಿತವಾಗಿ ಕೋಶದೊಳಗೆ ನುಗ್ಗುತ್ತದೆ, ಒಳಗಿನ ಕಡಿಮೆ ಪಿಎಚ್‌ನಲ್ಲಿ ಆವೇಶ ಪಡೆದು ಹೊರಬರಲಾಗದೆ ಅಲ್ಲೇ ತುಂಬಿಕೊಳ್ಳುತ್ತದೆ. ಯೂಡಿತ್ ನೊಯ್‌ವೋನರ್ ಮತ್ತು ಬೆಆಟೆ ಎಷರ್ 2011ರಲ್ಲಿ ಸೀನೆಡೆಸ್ಮಸ್ ಪಾಚಿಯ ಮೇಲೆ ಈ ಸೆರೆಯನ್ನು ಲೆಕ್ಕಸಹಿತ ತೋರಿಸಿದರು. ಅದೇ ಔಷಧ, ಅದೇ ಪಾಚಿ; ಪಿಎಚ್ ಬದಲಾದರೆ ವಿಷದ ಅಂಕಿಯೇ ಬದಲಾಗುತ್ತದೆ. ಹಳೆಯ ಅಳತೆಗಳಲ್ಲಿ ಎಷ್ಟೋ ಕಡೆ ಪಿಎಚ್ ದಾಖಲಾಗದೆ ಉಳಿದಿತ್ತು. ಅವನ್ನು ಆಧರಿಸಿ ಕಟ್ಟಿದ ಮಾದರಿಗಳು ಆ ದೋಷವನ್ನೂ ಹೊತ್ತುಕೊಂಡವು.

ನದಿಯಲ್ಲಿ ಔಷಧ ಒಂಟಿಯಾಗಿರುವುದೂ ಇಲ್ಲ. ಮಿಶ್ರಣದ ಲೆಕ್ಕಕ್ಕೆ ಎರಡು ಹಳೆಯ ಸೂತ್ರಗಳಿದ್ದವು: ಒಂದೇ ರೀತಿ ಕೆಲಸ ಮಾಡುವ ವಸ್ತುಗಳ ಪ್ರಮಾಣಗಳನ್ನು ಅವುಗಳ ಬಲಕ್ಕೆ ತಕ್ಕಂತೆ ಕೂಡಿಸುವ 1926ರ ಲೊವೆ ಸೂತ್ರ, ಬೇರೆ ಬೇರೆ ರೀತಿ ಕೆಲಸ ಮಾಡುವವುಗಳ ಪರಿಣಾಮಗಳನ್ನು ಸಂಭವನೀಯತೆಯಂತೆ ಸೇರಿಸುವ 1939ರ ಬ್ಲಿಸ್ ಸೂತ್ರ. ಇವುಗಳಿಗೆ ಪಾಚಿಯ ಮೇಲೆ ಅತ್ಯಂತ ಕಟ್ಟುನಿಟ್ಟಿನ ಪರೀಕ್ಷೆ ನಡೆಸಿದ್ದು ಜರ್ಮನಿಯ ಬ್ರೆಮೆನ್ ತಂಡ. ಫೌಸ್ಟ್ ಮತ್ತು ಸಹೋದ್ಯೋಗಿಗಳು 2001ರಲ್ಲಿ 18 ಟ್ರಯಜೀನ್ ಕಳೆನಾಶಕಗಳನ್ನು ಒಟ್ಟಿಗೆ ಬೆರೆಸಿದಾಗ ಲೊವೆ ಸೂತ್ರ ನಿಖರವಾಗಿ ಹೊಂದಿತು. 2004ರಲ್ಲಿ ಮಿಖಾಯೆಲ್ ಕ್ಲೂವರ್ಸ್ ಡೈಕ್ಲೊಫೆನಾಕ್, ಐಬುಪ್ರೊಫೇನ್, ನ್ಯಾಪ್ರೊಕ್ಸೆನ್, ಆಸ್ಪಿರಿನ್ ನಾಲ್ಕನ್ನೂ ಬೆರೆಸಿ ನೋಡಿದರು. ಒಂದೊಂದೂ ಬಿಡಿಯಾಗಿ ಹೆಚ್ಚೇನೂ ಮಾಡದ ಪ್ರಮಾಣದಲ್ಲಿ ಮಿಶ್ರಣ ಗಣನೀಯ ಪರಿಣಾಮ ಮಾಡಿತು. ಔಷಧಗಳನ್ನು ಒಂದೊಂದಾಗಿ ತೂಗಿ ‘ಅಪಾಯವಿಲ್ಲ’ ಎಂದು ಸಹಿ ಹಾಕುವ ಪದ್ಧತಿಗೆ ಇದಕ್ಕಿಂತ ನೇರ ಆಕ್ಷೇಪ ಬೇಕಿಲ್ಲ.

ಈ ಅನುಭವಗಳ ನಡುವೆ ಮುನ್ನೆಣಿಕೆಯ ವಿದ್ಯೆ ತನಗೆ ತಾನೇ ನಿಯಮ ಹಾಕಿಕೊಂಡಿತು. ಹತ್ತಾರು ಗುಣಗಳನ್ನು ಒಟ್ಟಿಗೆ ಸಮೀಕರಣಕ್ಕೆ ತುರುಕಿದರೆ ಆಕಸ್ಮಿಕವಾಗಿಯೂ ಹೊಂದಾಣಿಕೆ ಕಾಣಬಹುದೆಂದು ಟಾಪ್ಲಿಸ್ ಮತ್ತು ಕಾಸ್ಟೆಲೊ 1972ರಲ್ಲೇ ಎಚ್ಚರಿಸಿದ್ದರು. ಪೋರ್ಚುಗಲ್‌ನ ಸೆತೂಬಾಲ್‌ನಲ್ಲಿ 2002ರಲ್ಲಿ ನಡೆದ ಸಭೆಯ ಚರ್ಚೆಯನ್ನು ಆಧರಿಸಿ ಒಇಸಿಡಿ 2004ರಲ್ಲಿ ಐದು ತತ್ತ್ವಗಳನ್ನು ಒಪ್ಪಿತು. ಅವುಗಳಲ್ಲಿ ಔಷಧದ ವಿಷಯಕ್ಕೆ ಅತಿ ಮುಖ್ಯವಾದದ್ದು, ಪ್ರತಿ ಮಾದರಿಯೂ ತಾನು ಯಾವ ಬಗೆಯ ಅಣುಗಳಿಗೆ ಅನ್ವಯಿಸುತ್ತದೆ, ಯಾವುದಕ್ಕೆ ಅನ್ವಯಿಸುವುದಿಲ್ಲ ಎಂಬ ಗಡಿಯನ್ನು ಸ್ಪಷ್ಟವಾಗಿ ಹೇಳಬೇಕೆಂಬುದು. ಆ ನಂತರದ ಮಾದರಿಗಳು ಲಾಗ್ ಪಿಯ ಜೊತೆಗೆ ನೂರಾರು ರಚನಾ ಗುಣಗಳನ್ನು ತೆಗೆದುಕೊಂಡು ಯಂತ್ರಕಲಿಕೆಯ ವಿಧಾನಗಳಿಂದ ಆರಿಸುತ್ತವೆ. ಭಾರತದಲ್ಲಿ ಈ ಕೆಲಸದ ಮುಖ್ಯ ಕೇಂದ್ರ ಕೋಲ್ಕತ್ತದ ಜಾದವಪುರ ವಿಶ್ವವಿದ್ಯಾಲಯ. ಅಲ್ಲಿನ ಕುನಾಲ್ ರಾಯ್ ಮತ್ತು ಸುಪ್ರತಿಕ್ ಕರ್ 2010ರಲ್ಲಿ, ಡಾಫ್ನಿಯಾದ ಮೇಲಿನ ಔಷಧದ ಅಳತೆಯಿಂದ ಮೀನಿನ ಮೇಲಿನ ವಿಷವನ್ನು, ಮೀನಿನದರಿಂದ ಡಾಫ್ನಿಯಾದ್ದನ್ನು ಅಂದಾಜಿಸುವ ಮಾದರಿಗಳನ್ನು ಪ್ರಕಟಿಸಿದರು. ಒಂದು ಜೀವಿಯ ಮಾಹಿತಿಯಿಂದ ಇನ್ನೊಂದರ ಖಾಲಿ ಜಾಗ ತುಂಬುವ ಈ ದಾರಿ ಪರೀಕ್ಷೆಗಳು ವಿರಳವಾದ ಕಡೆ ಉಪಯುಕ್ತ. ಆದರೂ ಪ್ರತಿಜೈವಿಕಗಳ ಮಟ್ಟಿಗೆ ಹರಿತ್ತುಕಾಯವಿಲ್ಲದ ಪ್ರಾಣಿಯಿಂದ ಪಾಚಿಯನ್ನು ಊಹಿಸಲು ಹೊರಟರೆ ಹಳೆಯ ಎಡವಟ್ಟೇ ಮರುಕಳಿಸುತ್ತದೆ.

ಕಾನೂನು ಲೆಕ್ಕವನ್ನು ಪೂರ್ತಿ ನಂಬಲಿಲ್ಲ. 2006ರಲ್ಲಿ ಯುರೋಪಿನ ಔಷಧ ಸಂಸ್ಥೆ ತಂದ ಮಾರ್ಗಸೂಚಿಯಂತೆ, ನೀರಿನಲ್ಲಿ ಲೀಟರಿಗೆ 0.01 ಮೈಕ್ರೊಗ್ರಾಮಿಗಿಂತ ಹೆಚ್ಚು ಸೇರಬಹುದಾದ ಹೊಸ ಔಷಧಕ್ಕೆ ಪಾಚಿಯ ಪ್ರಯೋಗ ಅಗತ್ಯ. ಸೂಕ್ಷ್ಮಜೀವಿ ನಿರೋಧಕಗಳಾದರೆ ನೀಲಿ-ಹಸಿರು ಪಾಚಿಯ ಮೇಲೆ ಪರೀಕ್ಷಿಸುವುದು ಸೂಕ್ತ ಎಂಬ ಸಲಹೆಯೂ ಅದರಲ್ಲಿತ್ತು. ಪರಿಷ್ಕೃತ ಮಾರ್ಗಸೂಚಿ 2024ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದಿದೆ. 2006ಕ್ಕೆ ಮೊದಲೇ ಮಾರುಕಟ್ಟೆಯಲ್ಲಿದ್ದ ಬಹುಪಾಲು ಔಷಧಗಳು ಈ ಪರೀಕ್ಷೆಯನ್ನು ಹಾದುಬರಲಿಲ್ಲ. ಮುನ್ನೆಣಿಕೆಯ ಮಾದರಿಗಳಿಗೆ ಇಂದು ಹೆಚ್ಚಿನ ಕೆಲಸವಿರುವುದು ಅಲ್ಲೇ: ಹಳೆಯ ಔಷಧಗಳಲ್ಲಿ ಯಾವುದನ್ನು ಮೊದಲು ಪ್ರಯೋಗಾಲಯಕ್ಕೆ ಒಯ್ಯಬೇಕೆಂದು ಆರಿಸುವುದರಲ್ಲಿ.

ಈ ಲೆಕ್ಕಗಳೆಲ್ಲ ಯುರೋಪು-ಅಮೆರಿಕದ ನದಿಗಳ ನ್ಯಾನೊಗ್ರಾಂ, ಮೈಕ್ರೊಗ್ರಾಂ ಮಟ್ಟವನ್ನು ಮನಸ್ಸಿನಲ್ಲಿಟ್ಟು ಹುಟ್ಟಿದವು. ಔಷಧ ತಯಾರಾಗುವ ಊರುಗಳ ಚಿತ್ರ ಬೇರೆ. 2007ರಲ್ಲಿ ಸ್ವೀಡನ್ನಿನ ಯೋಕಿಮ್ ಲಾರ್ಶನ್ ತಂಡ ಹೈದರಾಬಾದಿನ ಪಕ್ಕದ ಪಟಾನ್‌ಚೆರುವಿನಲ್ಲಿ, ಸುಮಾರು 90 ಔಷಧ ಕಾರ್ಖಾನೆಗಳ ತ್ಯಾಜ್ಯ ಶುದ್ಧೀಕರಿಸುವ ಘಟಕದಿಂದ ಹೊರಬರುವ ನೀರಿನ ಅಳತೆಗಳನ್ನು ಪ್ರಕಟಿಸಿತು. ಸಿಪ್ರೊಫ್ಲಾಕ್ಸಸಿನ್ ಲೀಟರಿಗೆ 31 ಮಿಲಿಗ್ರಾಂವರೆಗೆ ಇತ್ತು. ಸೆಲೆನಾಸ್ಟ್ರಮ್‌ನ ಇಸಿ50ಗೆ ಹೋಲಿಸಿದರೆ ಇದು ಹತ್ತು ಪಟ್ಟು, ಮೈಕ್ರೊಸಿಸ್ಟಿಸ್‌ನದಕ್ಕೆ ಹೋಲಿಸಿದರೆ ಆರು ಸಾವಿರ ಪಟ್ಟು. ಆ ನೀರು ಇಸ್ಕವಾಗು, ನಕ್ಕವಾಗು ಎಂಬ ಹಳ್ಳಗಳನ್ನು ಹಾದು ಮಂಜೀರಾ ನದಿಗೆ, ಅಲ್ಲಿಂದ ಗೋದಾವರಿಗೆ ಸೇರುವ ದಾರಿಯಲ್ಲಿತ್ತು. ಮಂಜೀರಾ ಬೀದರ್ ಜಿಲ್ಲೆಯನ್ನು ಹಾದು ತೆಲಂಗಾಣಕ್ಕಿಳಿಯುವ ನದಿ; ಈ ಹಳ್ಳಗಳು ಅದನ್ನು ಕೂಡುವುದು ಬೀದರ್ ದಾಟಿದ ಮೇಲೆ. 2020ರ ಜನವರಿಯಲ್ಲಿ ಕೇಂದ್ರ ಪರಿಸರ ಸಚಿವಾಲಯ ಔಷಧ ಕಾರ್ಖಾನೆಗಳ ತ್ಯಾಜ್ಯದಲ್ಲಿ ಪ್ರತಿಜೈವಿಕಗಳಿಗೆ ಮಿತಿ ಹಾಕುವ ಕರಡು ನಿಯಮವನ್ನು ಪ್ರಕಟಿಸಿತು. 2021ರಲ್ಲಿ ಹೊರಬಂದ ಅಂತಿಮ ಅಧಿಸೂಚನೆಯಲ್ಲಿ ಆ ಮಿತಿಗಳು ಇರಲಿಲ್ಲ.